ಮನೆಯೊಳಗಿನ ಯಂತ್ರಗಳನ್ನು ಸಂಖ್ಯೆಯ ಬದಲು ಹೆಸರು ಹಿಡಿದು ಕರೆಯುವುದು ಹೇಗೆ?

ಪ್ರಶ್ನೆ: ಬಸವನಗುಡಿಯಿಂದ

ಎಲ್ಲರಿಗೂ ನಮಸ್ಕಾರ.

ನಮ್ಮದು ಬಸವನಗುಡಿಯಲ್ಲಿರುವ ಹಳೆಯ ಮನೆ. ಕೆಳಗೆ ಅತ್ತೆ ಮಾವ, ಮೇಲೆ ನಾವು. ಫೈಬರ್ ಸಂಪರ್ಕ ಬಂದಿರುವುದು ಕೆಳಗಿನ ಮನೆಗೆ. ಇಂಟರ್‌ನೆಟ್ಟಿನವರು ಕೊಟ್ಟ ಪೆಟ್ಟಿಗೆ ಹಾಲಿನಲ್ಲಿ ಟಿವಿಯ ಹಿಂದೆ ಇದೆ. ಅಲ್ಲಿಂದ ಒಂದು ಕೇಬಲ್ಲನ್ನು ಮೆಟ್ಟಿಲ ಪಕ್ಕದ ಗೋಡೆಯುದ್ದಕ್ಕೆ ಎಳೆಸಿ, ಮೇಲೆ ನಾವೇ ಕೊಂಡುತಂದ ವೈಫೈ ರೂಟರ್‌ಗೆ ಸಿಕ್ಕಿಸಿದ್ದೇವೆ. ಮಾವನವರು ಎಷ್ಟೋ ವರ್ಷ ಜೋಪಾನ ಮಾಡಿಟ್ಟಿದ್ದ ಹರಿಕಥೆಯ ಕ್ಯಾಸೆಟ್‌ಗಳನ್ನು ಡಿಜಿಟಲ್ ರೂಪಕ್ಕೆ ತಂದು, ಕೆಳಗಿನ ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಒಂದಕ್ಕೆ ಜೋಡಿಸಿದ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೇನೆ. ಆ ಪೈಗೆ ‘ಭಂಡಾರ’ ಎಂದು, ಇಂಗ್ಲಿಷ್ ಅಕ್ಷರಗಳಲ್ಲಿ, ಹೆಸರು ಕೊಟ್ಟಿದ್ದೇನೆ. ಬ್ರೌಸರ್‌ನಲ್ಲಿ ಅದರ ವಿಳಾಸ ಬರೆದರೆ ಪಟ್ಟಿ ತೆರೆಯುತ್ತದೆ, ಬೇಕಾದ ಕಥೆ ಹಾಕಿಕೊಂಡು ಕೇಳಬಹುದು. ಪ್ರಿಂಟರ್ ಮಾತ್ರ ಮೇಲಿನ ಮನೆಯಲ್ಲಿದೆ.

ತೊಂದರೆಯೆಲ್ಲ ಆ ವಿಳಾಸದ್ದೇ. ಕರೆಂಟ್ ಹೋಗಿ ಬಂದ ಮೇಲೆ ಎಷ್ಟೋ ಸಲ ಪೈಯ ವಿಳಾಸ ಬದಲಾಗಿರುತ್ತದೆ. ಮಾವನವರು ಮಾನಿಟರಿನ ಅಂಚಿಗೆ ಅಂಟಿಸಿಕೊಂಡಿರುವ ಹಳೆಯ ಕ್ಯಾಲೆಂಡರಿನ ಚೂರಿನ ಮೇಲೆ 192.168.1.7 ಎಂದು ಬರೆದು, ಕೊನೆಯ 7ನ್ನು ಹೊಡೆದು 12 ಮಾಡಿ, ಅದನ್ನೂ ಹೊಡೆದು ಈಗ 5 ಮಾಡಿದ್ದಾರೆ. ನನ್ನ ವಿಂಡೋಸ್ ಲ್ಯಾಪ್‌ಟಾಪಿನ ಹೋಸ್ಟ್ಸ್ ಕಡತದಲ್ಲಿ, ಅಂದರೆ ಯಾವ ಹೆಸರಿಗೆ ಯಾವ ವಿಳಾಸ ಎಂದು ಆ ಯಂತ್ರ ನೋಡಿಕೊಳ್ಳುವ ಪಟ್ಟಿಯಲ್ಲಿ, ಹೆಸರು ಮತ್ತು ವಿಳಾಸ ಬರೆದು ನೋಡಿದೆ. ಆ ಒಂದು ಲ್ಯಾಪ್‌ಟಾಪಿನಲ್ಲಿ ಮುಂದಿನ ಪವರ್ ಕಟ್‌ವರೆಗೆ ಕೆಲಸ ಮಾಡಿತು. ಫೋನುಗಳಲ್ಲಿ ಆ ಕಡತವನ್ನು ಮುಟ್ಟಲೂ ಆಗುವುದಿಲ್ಲ. ಬಳಿಕ ಯಾರೋ ಹೇಳಿದರೆಂದು ಹೆಸರಿನ ಕೊನೆಗೆ ‘ಡಾಟ್ ಲೋಕಲ್’ ಸೇರಿಸಿದೆ. ಕೆಳಗಿನ ಮನೆಯ ಕಂಪ್ಯೂಟರಿನಲ್ಲಿ ತಕ್ಷಣ ತೆರೆಯಿತು. ಅದೇ ಹೆಸರನ್ನು ಮೇಲಿನಿಂದ ಕರೆದರೆ ಉತ್ತರವಿಲ್ಲ, ಆದರೆ ಮೇಲಿನಿಂದ ವಿಳಾಸದ ಸಂಖ್ಯೆ ಬರೆದರೆ ತೆರೆಯುತ್ತದೆ. ಹೆಸರಿಗೆ ಸಿಗದಿರುವುದು ಸಂಖ್ಯೆಗೆ ಸಿಗುತ್ತದೆ ಎಂದರೆ ಏನರ್ಥ? ಒಂದೊಂದು ಯಂತ್ರಕ್ಕೂ ಹೋಗಿ ಬರೆಯುವ ಕೆಲಸವಿಲ್ಲದೆ ಇಡೀ ಮನೆಗೆ ಒಂದೇ ಸಲ ಹೆಸರು ಗೊತ್ತಾಗುವಂತೆ ಮಾಡುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ಮಲ್ಲೇಶ್ವರದಿಂದ

ನಿಮ್ಮ ಪ್ರಶ್ನೆಯ ಕೊನೆಯಲ್ಲಿರುವ ಒಗಟಿನಲ್ಲಿಯೇ ಉತ್ತರವೂ ಇದೆ. ಅದಕ್ಕೆ ಬರುವ ಮುನ್ನ, ಹೋಸ್ಟ್ಸ್ ಕಡತದಲ್ಲಿ ನೀವು ಕಂಡ ತೊಂದರೆ ಹೊಸದಲ್ಲ ಎಂದು ಹೇಳಬೇಕು. ಇಂಟರ್‌ನೆಟ್ಟಿನ ಆರಂಭದ ದಿನಗಳಲ್ಲಿ ಎಲ್ಲ ಯಂತ್ರಗಳ ಹೆಸರುಗಳೂ ಅಂಥದೇ ಒಂದು ಕಡತದಲ್ಲಿದ್ದವು. ಕ್ಯಾಲಿಫೋರ್ನಿಯದ ಒಂದು ಸಂಶೋಧನಾ ಸಂಸ್ಥೆ ಅದನ್ನು ತಿದ್ದಿ ಇಡುತ್ತಿತ್ತು, ಉಳಿದವರು ಅದರ ಪ್ರತಿಯನ್ನು ಇಳಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಅದು ಕೈಮೀರಿದ್ದರಿಂದಲೇ 1983ರಲ್ಲಿ ಪಾಲ್ ಮೊಕಪೆಟ್ರಿಸ್, ಹೆಸರು ಕೇಳಿದರೆ ವಿಳಾಸ ಹೇಳುವ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ನಿಮ್ಮ ಮನೆಯಲ್ಲಿ ಎರಡೇ ಮಹಡಿ, ಆದರೂ ಕಷ್ಟ ಅದೇ.

ಈಗ ‘ಡಾಟ್ ಲೋಕಲ್’ ವಿಷಯ. ಈ ಹೆಸರುಗಳನ್ನು ಹುಡುಕುವುದು ಸಾಮಾನ್ಯ ಡಿಎನ್‌ಎಸ್ ಅಲ್ಲ, ಮಲ್ಟಿಕಾಸ್ಟ್ ಡಿಎನ್‌ಎಸ್. ಇದರಲ್ಲಿ ರಿಜಿಸ್ಟರ್ ಇಟ್ಟುಕೊಂಡು ಕೂತವರು ಯಾರೂ ಇಲ್ಲ. ಹಳೆಯ ವಠಾರದ ಅಂಗಳದಲ್ಲಿ ನಿಂತು ‘ಭಂಡಾರ ಯಾರು?’ ಎಂದು ಕೂಗಿದರೆ, ಆ ಹೆಸರಿನವರು ತಮ್ಮ ಬಾಗಿಲಿನಿಂದಲೇ ‘ನಾನು, ನನ್ನ ವಿಳಾಸ ಇಂಥದು’ ಎಂದು ಓಗೊಡುತ್ತಾರಲ್ಲ, ಹಾಗೆ. ಕೂಗುವ ಅಂಗಳ 224.0.0.251 ಎಂಬ ಗುಂಪು ವಿಳಾಸ, ಯುಡಿಪಿ ಪೋರ್ಟ್ 5353. ರಾಸ್ಪ್‌ಬೆರಿ ಪೈಯಲ್ಲಿ ಅವಾಹಿ ಎಂಬ ತಂತ್ರಾಂಶ, ಆಪಲ್ ಯಂತ್ರಗಳಲ್ಲಿ ಬಾನ್‌ಜೂರ್ ಈ ಓಗೊಡುವ ಕೆಲಸ ಮಾಡುತ್ತವೆ. ವಿಂಡೋಸ್ 10ರಿಂದ ಈಚೆಗೆ ವಿಂಡೋಸ್‌ಗೂ ಇದು ಬರುತ್ತದೆ. ನೀವು ಏನೂ ಸಿದ್ಧತೆ ಮಾಡದೆ ಕೆಳಗಿನ ಮನೆಯಲ್ಲಿ ಹೆಸರು ಸಿಕ್ಕಿದ್ದು ಇದರಿಂದ. ಆದರೆ ಈ ಕೂಗು ಕಾಂಪೌಂಡ್ ಗೋಡೆ ದಾಟುವುದಿಲ್ಲ. 2013ರಲ್ಲಿ ಪ್ರಕಟವಾದ ಇದರ ನಿಯಮಾವಳಿಯಾದ ಆರ್‌ಎಫ್‌ಸಿ 6762ರಲ್ಲಿ, ಈ ಸಂದೇಶ ಆಯಾ ಜಾಲದ ಒಳಗಷ್ಟೇ ಇರಬೇಕು, ರೂಟರ್ ಅದನ್ನು ಆಚೆಗೆ ದಾಟಿಸಬಾರದು ಎಂದೇ ಇದೆ.

ನಿಮ್ಮ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ಮೇಲಿನ ಮನೆ ಮತ್ತು ಕೆಳಗಿನ ಮನೆ ಒಂದೇ ಜಾಲದಲ್ಲಿಲ್ಲ ಎಂದು ನನ್ನ ಊಹೆ. ಮೇಲಿನ ಲ್ಯಾಪ್‌ಟಾಪಿನಲ್ಲಿ ಯಂತ್ರದ ವಿಳಾಸ ತೋರಿಸುವ ಐಪಿಕಾನ್ಫಿಗ್ ಆದೇಶ ಕೊಟ್ಟು ನೋಡಿ: ವಿಳಾಸ 192.168.1 ಎಂದು ಆರಂಭವಾಗುತ್ತದೆಯೋ, ಬೇರೆ ಏನಾದರೂ ಇದೆಯೋ? ಬೇರೆ ಇದ್ದರೆ ಮುಂದಿನ ಮಾತು ಸುಲಭ.

ಪರೀಕ್ಷಿಸುವಾಗ ಒಂದು ಎಚ್ಚರಿಕೆ. ಎನ್‌ಎಸ್‌ಲುಕಪ್ ಆದೇಶ ನೇರವಾಗಿ ಡಿಎನ್‌ಎಸ್ ಸರ್ವರನ್ನೇ ಕೇಳುತ್ತದೆ. ಅದು ಹೋಸ್ಟ್ಸ್ ಕಡತವನ್ನು ತೆರೆಯುವುದಿಲ್ಲ, ಅಂಗಳದಲ್ಲಿ ಕೂಗುವುದೂ ಇಲ್ಲ. ಒಂದು ಯಂತ್ರ ಓಗೊಡುತ್ತದೆಯೇ ಎಂದು ನೋಡುವ ಪಿಂಗ್ ಆದೇಶವಾದರೆ ಯಂತ್ರ ಮಾಮೂಲಾಗಿ ಹೆಸರು ಹುಡುಕುವ ಎಲ್ಲ ದಾರಿಗಳನ್ನೂ ಹಿಡಿಯುತ್ತದೆ. ‘ಡಾಟ್ ಲೋಕಲ್’ ಹೆಸರಿಗೆ ಎನ್‌ಎಸ್‌ಲುಕಪ್ ಇಲ್ಲವೆಂದಿತೆಂದು ಇಡೀ ಭಾನುವಾರ ಕಳೆದವರಲ್ಲಿ ನಾನೂ ಒಬ್ಬ.

ಉತ್ತರ: ರಾಜಾಜಿನಗರದಿಂದ

ಮಲ್ಲೇಶ್ವರದವರ ಊಹೆ ಖಂಡಿತ ನಿಜವಾಗಿರುತ್ತದೆ. ಕೆಳಗಿನ ಪೆಟ್ಟಿಗೆಯೂ ರೂಟರ್, ಮೇಲಿನದೂ ರೂಟರ್. ಎರಡೂ ತಮ್ಮ ತಮ್ಮ ಹಿಂದೆ ಬೇರೆ ಬೇರೆ ವಿಳಾಸಗಳನ್ನು ಹಂಚುತ್ತಿವೆ. ಮೇಲಿನವರು ಕೆಳಗಿನವರನ್ನು ಸಂಖ್ಯೆಯಿಂದ ಮುಟ್ಟಬಹುದು, ಏಕೆಂದರೆ ಇಂಟರ್‌ನೆಟ್ಟಿಗೆ ಹೋಗುವ ದಾರಿ ಕೆಳಗಿನ ಮನೆಯ ಮೂಲಕವೇ ಹಾದುಹೋಗುತ್ತದೆ. ಕೆಳಗಿನವರು ಮೇಲಿನವರನ್ನು ಸಂಖ್ಯೆಯಿಂದಲೂ ಮುಟ್ಟಲಾರರು. ನಿಮ್ಮ ಮಾವನವರು ಎಂದಾದರೂ ಕೆಳಗಿನಿಂದ ಪ್ರಿಂಟ್ ತೆಗೆಯಲು ಪ್ರಯತ್ನಿಸಿದ್ದಾರೆಯೆ? ಬಂದಿರಲಾರದು.

ಹೆಸರಿನ ತಾಪತ್ರಯ ಎಂದು ಬರುವ ಇಂಥ ಹೆಚ್ಚಿನ ಪ್ರಶ್ನೆಗಳಲ್ಲಿ ನನಗೆ ಕಂಡಿರುವುದು ಒಂದೇ: ಮನೆಯಲ್ಲಿ ವಿಳಾಸ ಹಂಚುವವರು ಒಬ್ಬರಿಗಿಂತ ಹೆಚ್ಚು ಇರುತ್ತಾರೆ. ಅದನ್ನು ಸರಿಮಾಡದೆ ಹೆಸರಿಗೆ ಕೈಹಾಕಿದರೆ ಕೆಲಸ ಎರಡಾಗುತ್ತದೆ. ಮೇಲಿನ ರೂಟರಿನ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಎಂಬ ವಿಧಾನ ಇದ್ದರೆ ಅದನ್ನು ಆರಿಸಿ. ಅದು ಬರೀ ವೈಫೈ ಹರಡುವ ಕೆಲಸಕ್ಕೆ ಇಳಿಯುತ್ತದೆ. ಆ ಆಯ್ಕೆ ಇಲ್ಲದ ಹಳೆಯ ರೂಟರ್ ಆದರೆ, ಅದಕ್ಕೆ 192.168.1.2ರಂತಹ, ಕೆಳಗಿನ ಪೆಟ್ಟಿಗೆ ಹಂಚುವ ಸಾಲಿಗೆ ಸೇರದ ಒಂದು ವಿಳಾಸ ಕೊಟ್ಟು, ವಿಳಾಸ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಕೆಳಗಿನಿಂದ ಬಂದ ಕೇಬಲ್ಲನ್ನು ವ್ಯಾನ್ ಎಂದು ಬರೆದಿರುವ ತೂತಿನಿಂದ ತೆಗೆದು ಲ್ಯಾನ್ ತೂತುಗಳಲ್ಲಿ ಒಂದಕ್ಕೆ ಹಾಕಿ. ಇದೇ ಕ್ರಮದಲ್ಲಿ ಮಾಡಿ. ಡಿಎಚ್‌ಸಿಪಿ ನಿಲ್ಲಿಸುವ ಮೊದಲೇ ಕೇಬಲ್ ಬದಲಿಸಿದರೆ ಒಂದೇ ಅಂಗಳದಲ್ಲಿ ಇಬ್ಬರು ವಿಳಾಸ ಹಂಚಲು ನಿಂತು ಇಡೀ ಮನೆಗೆ ಗೊಂದಲವಾಗುತ್ತದೆ.

ಆಮೇಲೆ ಕೆಳಗಿನ ಪೆಟ್ಟಿಗೆಯಲ್ಲಿ ಪೈಗೂ ಪ್ರಿಂಟರಿಗೂ ವಿಳಾಸ ಕಾದಿರಿಸಿ. ಕರೆಂಟ್ ಹೋಗಿ ಬಂದಾಗ ಸಂಖ್ಯೆ ಬದಲಾಗುವುದಕ್ಕೆ ಕಾರಣ, ಎಷ್ಟೋ ಪೆಟ್ಟಿಗೆಗಳು ಯಾರಿಗೆ ಯಾವ ವಿಳಾಸ ಕೊಟ್ಟೆವೆಂಬ ಪಟ್ಟಿಯನ್ನು ತಾತ್ಕಾಲಿಕ ಮೆಮೊರಿಯಲ್ಲಷ್ಟೇ ಇಟ್ಟುಕೊಂಡಿರುತ್ತವೆ. ಆರಿದೊಡನೆ ಪಟ್ಟಿಯೂ ಹೋಯಿತು. ಯಂತ್ರಕ್ಕೆ ತಯಾರಕರೇ ಕೊಟ್ಟಿರುವ ಗುರುತಾದ ಮ್ಯಾಕ್ ವಿಳಾಸಕ್ಕೆ ಗಂಟುಹಾಕಿ ಕಾದಿರಿಸಿದ ಸಂಖ್ಯೆ ಹಾಗೆ ಅಳಿಯುವುದಿಲ್ಲ. ಫೋನುಗಳಿಗೆ ಕಾದಿರಿಸುವ ಗೋಜಿಗೆ ಹೋಗಬೇಡಿ. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರ ನಂತರ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು ಮರೆಮಾಡಿ ಬೇರೆಯದನ್ನು ತೋರಿಸುತ್ತವೆ. ಫೋನನ್ನು ಹೆಸರು ಹಿಡಿದು ಕರೆಯಬೇಕಾದ ಸಂದರ್ಭವೂ ನಮಗೆ ಬರುವುದಿಲ್ಲ.

ಪ್ರಶ್ನೆ ಕೇಳಿದವರು: ಬಸವನಗುಡಿಯಿಂದ

ಇಬ್ಬರಿಗೂ ಧನ್ಯವಾದಗಳು. ಮೇಲೆ 192.168.0 ಎಂದೇ ಇತ್ತು. ಪ್ರಿಂಟರಿನ ಮಾತೂ ನಿಜ. ಮಾವನವರು ಇಷ್ಟು ದಿನ ಕಾಗದಪತ್ರಗಳನ್ನು ನನಗೆ ವಾಟ್ಸ್‌ಆಪ್ ಮಾಡಿ ಪ್ರಿಂಟ್ ಹಾಕಿಸಿಕೊಳ್ಳುತ್ತಿದ್ದರು. ಅದು ಅವರ ಅಭ್ಯಾಸ ಎಂದುಕೊಂಡಿದ್ದೆವು.

ಮೇಲಿನ ರೂಟರನ್ನು ಆಕ್ಸೆಸ್ ಪಾಯಿಂಟ್ ಮಾಡಿದ ಮೇಲೆ ‘ಭಂಡಾರ ಡಾಟ್ ಲೋಕಲ್’ ಎರಡೂ ಮಹಡಿಯ ಕಂಪ್ಯೂಟರುಗಳಲ್ಲಿಯೂ ನನ್ನ ಯಜಮಾನರ ಐಫೋನಿನಲ್ಲಿಯೂ ತೆರೆಯುತ್ತಿದೆ. ಉಳಿದಿರುವುದು ಎರಡು. ನನ್ನ ಆಂಡ್ರಾಯ್ಡ್ ಫೋನು ಹಳೆಯದು, ಅದರಲ್ಲಿ ಈ ಹೆಸರು ಸಿಗುತ್ತಿಲ್ಲ. ಕೆಳಗಿನ ಟಿವಿಯಲ್ಲಿಯೂ ಇಲ್ಲ. ಇನ್ನೊಂದು, ‘ಡಾಟ್ ಲೋಕಲ್’ ಬಿಟ್ಟು ಬರೀ ‘ಭಂಡಾರ’ ಎಂದು ಬರೆದರೆ ಬ್ರೌಸರ್ ಅದನ್ನು ಗೂಗಲ್‌ನಲ್ಲಿ ಹುಡುಕಿ ಉಪ್ಪಿನಕಾಯಿ ಅಂಗಡಿಗಳನ್ನು ತೋರಿಸುತ್ತದೆ.

ಉತ್ತರ: ವಿಜಯನಗರದಿಂದ

ಉಪ್ಪಿನಕಾಯಿಯದು ಸುಲಭ. ಒಂಟಿ ಪದವನ್ನು ಬ್ರೌಸರ್ ಹುಡುಕುವ ಪದವೆಂದೇ ತಿಳಿಯುತ್ತದೆ. ಪದದ ಕೊನೆಗೆ ಒಂದು ಓರೆಗೆರೆ ಹಾಕಿದರೆ ಅದು ವಿಳಾಸವೆಂದು ಅರಿಯುತ್ತದೆ. ಆದರೆ ಆ ಒಂಟಿ ಪದಕ್ಕೆ ಉತ್ತರ ಸಿಗಬೇಕಾದರೆ ಮನೆಯಲ್ಲಿ ನಿಜವಾದ ಡಿಎನ್‌ಎಸ್ ಇರಬೇಕು. ಹಳೆಯ ಆಂಡ್ರಾಯ್ಡ್ ಮತ್ತು ಟಿವಿಗೂ ಅದೇ ಮದ್ದು. ವಠಾರದ ಕೂಗಿನ ಬದಲು, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯುರಿಟಿಯವರು ಇಟ್ಟುಕೊಂಡಿರುವ ರಿಜಿಸ್ಟರ್ ಎಂದುಕೊಳ್ಳಿ: ಕೇಳುವ ಜಾಗ ಒಂದೇ, ಕೂಗು ಕೇಳಿಸದವರಿಗೂ ಉತ್ತರ ಸಿಗುತ್ತದೆ.

ನಿಮ್ಮ ಪೈಯಲ್ಲಿಯೇ ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ತಂತ್ರಾಂಶವನ್ನು ಹಾಕಿಕೊಳ್ಳಬಹುದು. ಓಪನ್‌ಡಬ್ಲ್ಯುಆರ್‌ಟಿ ಎಂಬ ತಂತ್ರಾಂಶವಿರುವ ರೂಟರುಗಳ ಒಳಗೂ ಹೆಸರು ಹೇಳುವುದು ಇದೇ. ಪೈಯ ಹೋಸ್ಟ್ಸ್ ಕಡತದಲ್ಲಿ ಹೆಸರು ಮತ್ತು ಕಾದಿರಿಸಿದ ವಿಳಾಸವನ್ನು ಒಂದೇ ಒಂದು ಸಲ ಬರೆದರೆ ಸಾಕು, ಇದು ಅದನ್ನು ಓದಿ ಇಡೀ ಮನೆಗೆ ಹೇಳುತ್ತದೆ. ತನಗೆ ಗೊತ್ತಿಲ್ಲದ ಹೆಸರುಗಳನ್ನು ಹೊರಗಿನ ಸರ್ವರಿಗೆ ಕೇಳಿ ತಂದುಕೊಡುತ್ತದೆ. ಬಳಿಕ ಕೆಳಗಿನ ಪೆಟ್ಟಿಗೆಯ ಡಿಎಚ್‌ಸಿಪಿ ಪುಟದಲ್ಲಿ ಡಿಎನ್‌ಎಸ್ ಸರ್ವರ್ ಎಂದಿರುವ ಕಡೆ ಪೈಯ ವಿಳಾಸ ತುಂಬಿ.

ಅಲ್ಲಿ ಎರಡನೆಯ ಸರ್ವರಿಗೂ ಒಂದು ಖಾಲಿ ಜಾಗ ಇರುತ್ತದೆ. ಬಹಳ ಮಂದಿ ‘ಇರಲಿ, ಮೊದಲನೆಯದು ಕೈಕೊಟ್ಟರೆ ಆಗುತ್ತದೆ’ ಎಂದು ಗೂಗಲ್ಲಿನ 8.8.8.8 ತುಂಬುತ್ತಾರೆ. ಇದು ಸ್ಟೆಪ್ನಿ ಇದ್ದ ಹಾಗೆ ಅಲ್ಲ. ಯಂತ್ರಗಳು ಎರಡರಲ್ಲಿ ಯಾವುದನ್ನು ಬೇಕಾದರೂ ಕೇಳಬಹುದು, ಮತ್ತು ಹೊರಗಿನ ಸರ್ವರಿಗೆ ನಿಮ್ಮ ಭಂಡಾರದ ಗಂಧವೂ ಇರುವುದಿಲ್ಲ. ಅದು ‘ಅಂಥ ಹೆಸರೇ ಇಲ್ಲ’ ಎಂದು ಖಚಿತವಾಗಿ ಹೇಳಿಬಿಡುತ್ತದೆ, ಯಂತ್ರವೂ ಅದನ್ನು ನಂಬಿ ಅಲ್ಲಿಗೇ ನಿಲ್ಲಿಸುತ್ತದೆ. ಬೆಳಿಗ್ಗೆ ಸಿಕ್ಕ ಹೆಸರು ಸಂಜೆ ಸಿಗುವುದಿಲ್ಲ ಎಂಬ ದೂರುಗಳ ಹಿಂದೆ ನಾನು ಮೊದಲು ಹುಡುಕುವುದು ಈ ಎರಡನೆಯ ಸಾಲನ್ನೇ.

ಹೆಸರಿನ ಬಾಲದ ಬಗ್ಗೆಯೂ ಯೋಚಿಸಿ. ‘ಡಾಟ್ ಲೋಕಲ್’ ಮಲ್ಟಿಕಾಸ್ಟ್‌ನವರಿಗೆ ಮೀಸಲು, ಅದನ್ನು ಇಲ್ಲಿ ಬಳಸಿದರೆ ಎರಡು ವ್ಯವಸ್ಥೆಗಳೂ ಒಂದಕ್ಕೊಂದು ಅಡ್ಡ ಬರುತ್ತವೆ. ಕಿವಿಗೆ ಚೆನ್ನಾಗಿದೆಯೆಂದು ಏನೋ ಒಂದು ಬಾಲ ಕಟ್ಟಿಕೊಳ್ಳುವುದೂ ಸರಿಯಲ್ಲ: ತಮ್ಮ ಒಳ ಜಾಲಗಳಿಗೆ ‘ಡಾಟ್ ಡೆವ್’ ಎಂದು ಇಟ್ಟುಕೊಂಡಿದ್ದ ಎಷ್ಟೋ ಪ್ರೋಗ್ರಾಮರುಗಳಿಗೆ, ಅದು ನಿಜವಾದ ವಲಯವಾಗಿ, 2017ರ ಡಿಸೆಂಬರ್‌ನಲ್ಲಿ ಬಂದ ಕ್ರೋಮ್ 63 ಆ ಹೆಸರುಗಳಿಗೆಲ್ಲ ಸುರಕ್ಷಿತ ಸಂಪರ್ಕವಾದ ಎಚ್‌ಟಿಟಿಪಿಎಸ್ ಕಡ್ಡಾಯ ಮಾಡಿದಾಗ, ಬೆಳಗಾಗುವಷ್ಟರಲ್ಲಿ ಯಾವ ಪುಟವೂ ತೆರೆಯದಂತಾಯಿತು. ಮನೆಗಳಿಗೆಂದೇ ‘ಹೋಮ್ ಡಾಟ್ ಆರ್ಪಾ’ ಎಂಬುದನ್ನು 2018ರ ಆರ್‌ಎಫ್‌ಸಿ 8375 ಎತ್ತಿಟ್ಟಿದೆ. 2024ರಲ್ಲಿ, ಇಂಟರ್‌ನೆಟ್ಟಿನ ಹೆಸರುಗಳ ಮೇಲ್ವಿಚಾರಣೆ ನೋಡುವ ಸಂಸ್ಥೆಯಾದ ಐಕ್ಯಾನ್ ‘ಡಾಟ್ ಇಂಟರ್ನಲ್’ ಎಂಬುದನ್ನೂ ಖಾಸಗಿ ಬಳಕೆಗೆ ಕಾದಿರಿಸಿತು. ಎರಡರಲ್ಲಿ ಯಾವುದಾದರೂ ಆಗಬಹುದು.

ಕೊನೆಯದಾಗಿ ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬ ಸೆಟ್ಟಿಂಗ್ ನೋಡಿ. ಜಾಹೀರಾತು ತಡೆಯಲೆಂದು ಅಲ್ಲಿ ಹೊರಗಿನ ಯಾವುದಾದರೂ ಸರ್ವರಿನ ಹೆಸರು ತುಂಬಿದ್ದರೆ, ಫೋನು ಮನೆಯ ಡಿಎನ್‌ಎಸ್ ಕಡೆಗೆ ತಿರುಗಿಯೂ ನೋಡದೆ ಎಲ್ಲವನ್ನೂ ಅಲ್ಲಿಗೇ ಕೇಳುತ್ತದೆ. ಬ್ರೌಸರುಗಳಲ್ಲಿ ಎಚ್‌ಟಿಟಿಪಿಎಸ್ ಮೂಲಕ ಡಿಎನ್‌ಎಸ್ ಎಂಬ ಆಯ್ಕೆಯದೂ ಇದೇ ಚಾಳಿ.

ಉತ್ತರ: ಮಲ್ಲೇಶ್ವರದಿಂದ

ವಿಜಯನಗರದವರು ಹೇಳಿದ್ದರಲ್ಲಿ ತಪ್ಪೇನಿಲ್ಲ, ಆದರೂ ನನ್ನದೊಂದು ತಕರಾರು ಇರಲಿ. ಪೈಯನ್ನು ಮನೆಯ ಏಕೈಕ ಡಿಎನ್‌ಎಸ್ ಮಾಡಿದ ದಿನದಿಂದ, ಪೈ ಮಲಗಿದರೆ ಇಂಟರ್‌ನೆಟ್ಟೇ ಮಲಗಿದಂತೆ. ಹರಿಕಥೆ ಕೇಳಲಾಗದಿದ್ದರೆ ಮಾವನವರು ನಾಳೆಯವರೆಗೆ ಕಾಯುತ್ತಾರೆ; ನಿಮ್ಮ ಯಜಮಾನರ ಆಫೀಸಿನ ಮೀಟಿಂಗ್ ಕಾಯುವುದಿಲ್ಲ. ನಮ್ಮ ಊರಿನಲ್ಲಿ ಮಳೆಗಾಲದ ಸಂಜೆ ಕರೆಂಟ್ ನಾಲ್ಕು ಸಲ ಹೋಗಿ ಬಂದರೆ ಪೈಯ ಮೆಮೊರಿ ಕಾರ್ಡ್ ಕೆಡುವುದು ನಾನೇ ಕಂಡ ಸಂಗತಿ. ನಾಲ್ಕಾರು ಯಂತ್ರಗಳಿರುವ ಮನೆಗೆ ಕಾದಿರಿಸಿದ ವಿಳಾಸ, ‘ಡಾಟ್ ಲೋಕಲ್’ ಹೆಸರು, ಟಿವಿಗೂ ಹಳೆಯ ಫೋನಿಗೂ ಸಂಖ್ಯೆಯನ್ನೇ ಒಮ್ಮೆ ಬುಕ್‌ಮಾರ್ಕ್ ಮಾಡಿಡುವುದು, ಇಷ್ಟು ಸಾಕೆಂದು ನನ್ನ ಅಭಿಪ್ರಾಯ. ಸಂಖ್ಯೆ ಬದಲಾಗುವುದೇ ನಿಂತ ಮೇಲೆ ಅದನ್ನು ಬುಕ್‌ಮಾರ್ಕ್ ಮಾಡುವುದರಲ್ಲಿ ಅವಮಾನವೇನಿಲ್ಲ. ಡಿಎನ್‌ಎಸ್ ಹಾಕಿಯೇ ತೀರುವುದಾದರೆ ಫೈಬರ್ ಪೆಟ್ಟಿಗೆಗೆ ಇಡುವ ಪುಟ್ಟ ಯುಪಿಎಸ್‌ನಂಥದೇ ಒಂದನ್ನು ಪೈಗೂ ಕೊಡಿಸಿ. ಫೈಬರ್ ಪೆಟ್ಟಿಗೆಯದು ಸಾಮಾನ್ಯವಾಗಿ 12 ವೋಲ್ಟ್, ಪೈಗೆ 5 ವೋಲ್ಟ್ ಬೇಕು. ಹೊರಬರುವ ವೋಲ್ಟೇಜ್ ನೋಡಿ ಕೊಳ್ಳಿ.

ಪ್ರಶ್ನೆ ಕೇಳಿದವರು: ಬಸವನಗುಡಿಯಿಂದ

ಯುಪಿಎಸ್ ಕೊಂಡು ಡಿಎನ್‌ಎಸ್ಸನ್ನೇ ಹಾಕಿದೆ. ಎರಡನೆಯ ಸರ್ವರಿನ ಜಾಗ ಖಾಲಿ ಬಿಟ್ಟಿದ್ದೇನೆ. ನನ್ನ ಫೋನಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಇದ್ದದ್ದು ನಿಜ, ತೆಗೆದಿದ್ದೇನೆ. ಪ್ರಿಂಟರಿನ ಹೆಸರು ಈಗ ಎಲ್ಲ ಕಡೆ ಸಿಗುತ್ತಿದೆ. ವಿಚಿತ್ರವೆಂದರೆ ಭಂಡಾರದ್ದೇ ಸಿಗುತ್ತಿಲ್ಲ. ‘ಹೋಮ್ ಡಾಟ್ ಆರ್ಪಾ’ ಸೇರಿಸಿ ಪಿಂಗ್ ಮಾಡಿದರೆ ಒಡನೆ ಉತ್ತರ ಬರುತ್ತದೆ, ಅದೂ ಒಂದು ಮಿಲಿಸೆಕೆಂಡಿಗಿಂತ ಬೇಗ. ಬ್ರೌಸರ್ ಮಾತ್ರ ಸಂಪರ್ಕ ನಿರಾಕರಿಸಲಾಗಿದೆ ಎನ್ನುತ್ತದೆ. ಪಿಂಗ್ ತೋರಿಸುವ ವಿಳಾಸ 127.0.1.1.

ಉತ್ತರ: ವಿಜಯನಗರದಿಂದ

ಇದನ್ನು ಮೊದಲೇ ಹೇಳಬೇಕಿತ್ತು, ಕ್ಷಮಿಸಿ. ಲಿನಕ್ಸಿನ ಡೆಬಿಯನ್ ವಂಶದ ವ್ಯವಸ್ಥೆಗಳು, ರಾಸ್ಪ್‌ಬೆರಿ ಪೈಯದೂ ಅದೇ ವಂಶ, ಹೋಸ್ಟ್ಸ್ ಕಡತದಲ್ಲಿ ತಮ್ಮ ಸ್ವಂತ ಹೆಸರಿನ ಎದುರು 127.0.1.1 ಎಂದು ತಾವೇ ಬರೆದುಕೊಂಡಿರುತ್ತವೆ. 127ರಿಂದ ಆರಂಭವಾಗುವ ವಿಳಾಸಕ್ಕೆಲ್ಲ ‘ನಾನೇ’ ಎಂದರ್ಥ. ಪೈ ತನ್ನೊಳಗೆ ಹಾಗೆ ಅಂದುಕೊಂಡರೆ ತೊಂದರೆಯಿಲ್ಲ. ಡಿಎನ್‌ಎಸ್‌ಮಾಸ್ಕ್ ಆ ಸಾಲನ್ನೂ ಓದಿ ಎಲ್ಲರಿಗೂ ಹೇಳುತ್ತಿದೆ, ಹಾಗಾಗಿ ಭಂಡಾರ ಎಲ್ಲಿ ಎಂದು ಕೇಳಿದ ನಿಮ್ಮ ಲ್ಯಾಪ್‌ಟಾಪ್ ತನ್ನನ್ನೇ ತಾನು ಪಿಂಗ್ ಮಾಡಿಕೊಂಡು ತಾನೇ ಓಗೊಡುತ್ತಿದೆ. ಅಷ್ಟು ಬೇಗ ಉತ್ತರ ಬಂದದ್ದು ಅದಕ್ಕೇ.

ಡಿಎನ್‌ಎಸ್‌ಮಾಸ್ಕ್‌ನ ಸಂರಚನಾ ಕಡತದಲ್ಲಿ ‘ನೋ-ಹೋಸ್ಟ್ಸ್’ ಎಂಬ ಸಾಲು ಸೇರಿಸಿ, ಮನೆಯ ಹೆಸರುಗಳಿಗೆಂದು ಬೇರೆ ಒಂದು ಕಡತ ಮಾಡಿ, ‘ಆಡ್‌ಎನ್-ಹೋಸ್ಟ್ಸ್’ ಎಂಬ ಸಾಲಿನಲ್ಲಿ ಅದರ ದಾರಿ ತೋರಿಸಿ. ಪೈಯ ಸ್ವಂತ ಕಡತ ಪೈಗೇ ಇರಲಿ.

ಉತ್ತರ: ಹನುಮಂತನಗರದಿಂದ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ‘ಭಂಡಾರ’ವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದೇನೆ ಎಂದಿರಿ. ಕನ್ನಡದಲ್ಲಿಯೇ ಇಡಲು ಅಡ್ಡಿಯಿಲ್ಲವೇ ಎಂದು ನಾನು ಒಮ್ಮೆ ಪ್ರಯತ್ನಿಸಿದ್ದೆ, ತಿಳಿದದ್ದು ಇಷ್ಟು. ಸಾಮಾನ್ಯ ಡಿಎನ್‌ಎಸ್‌ನಲ್ಲಿ ಕನ್ನಡದ ಹೆಸರು ಕನ್ನಡವಾಗಿ ಓಡಾಡುವುದಿಲ್ಲ. ಪ್ಯೂನಿಕೋಡ್ ಎಂಬ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆಗಳ ವೇಷ ಹಾಕಿಕೊಳ್ಳುತ್ತದೆ. ‘ಡಾಟ್ ಭಾರತ’ ಎಂಬ ಕನ್ನಡ ಲಿಪಿಯ ವಲಯ ನಡೆಯುವುದೂ ಹಾಗೆಯೇ. ಆ ವೇಷದ ಹೆಸರನ್ನು ನೀವೇ ಕಡತದಲ್ಲಿ ಬರೆದುಕೊಳ್ಳಬೇಕಾಗುತ್ತದೆ, ತಿದ್ದುವಾಗ ಯಾವುದು ಯಾವುದೆಂದು ತಿಳಿಯುವುದಿಲ್ಲ. ಯಂತ್ರದ ಹೆಸರಿಗೆ ಇದು ಬೇಡ.

ಮಲ್ಟಿಕಾಸ್ಟ್‌ನಲ್ಲಿ ಹಾಗಲ್ಲ, ಅಲ್ಲಿ ಹೆಸರುಗಳು ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8ರಲ್ಲಿ ನೇರವಾಗಿ ಹೋಗುತ್ತವೆ. ಪ್ರಿಂಟ್ ಕೊಡುವಾಗ ಪಟ್ಟಿಯಲ್ಲಿ ಕಾಣುವ ಪ್ರಿಂಟರಿನ ಹೆಸರು ಈ ಬಗೆಯದು. ಪ್ರಿಂಟರ್ ಒಪ್ಪುವುದಾದರೆ ಅದನ್ನು ಧಾರಾಳವಾಗಿ ಕನ್ನಡದಲ್ಲಿಡಬಹುದು, ನಡುವೆ ಜಾಗ ಬಿಟ್ಟೂ ಬರೆಯಬಹುದು. ಮಿತಿ 63 ಬೈಟ್. ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಗುಣಿತದ ಚಿಹ್ನೆಗೂ ಅರ್ಧಾಕ್ಷರದ ಕೊಕ್ಕೆಗೂ ಲೆಕ್ಕ ಬೇರೆ ಬೇರೆ. ಆದ್ದರಿಂದ ಒಟ್ಟು 21 ಸಂಕೇತಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ‘ಮಹಡಿ ಮನೆ ಪ್ರಿಂಟರ್’ ಎಂದರೆ 47 ಬೈಟ್, ಆರಾಮವಾಗಿ ಕೂರುತ್ತದೆ. ಹೆಸರಿನ ಕೊನೆಯ ‘ರ್’ ಆದಮೇಲೆ ಕೀಲಿಮಣೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸದಂತೆ ಮಾತ್ರ ನೋಡಿಕೊಳ್ಳಿ. ನಮ್ಮ ಮನೆಯಲ್ಲಿ ನೋಡಲು ಒಂದೇ ಆಗಿದ್ದ ಎರಡು ಪ್ರಿಂಟರುಗಳು ಪಟ್ಟಿಯಲ್ಲಿ ಕಾಣಿಸಿಕೊಂಡು, ಒಂದು ಮಾತ್ರ ಕಾಗದ ಕೊಡುತ್ತಿತ್ತು.

ಪ್ರಶ್ನೆ ಕೇಳಿದವರು: ಬಸವನಗುಡಿಯಿಂದ

ಬೇರೆ ಕಡತ ಮಾಡಿದ ಮೇಲೆ ಭಂಡಾರ ಟಿವಿಯಲ್ಲಿಯೂ ನನ್ನ ಫೋನಿನಲ್ಲಿಯೂ ತೆರೆಯಿತು. ನಿನ್ನೆ ಸಂಜೆ ಬೇಕೆಂದೇ ಮೇನ್ ಸ್ವಿಚ್ ಎರಡು ಸಲ ಆರಿಸಿ ಹಾಕಿದೆ, ಹೆಸರು ಅಲ್ಲಾಡಲಿಲ್ಲ. ಪ್ರಿಂಟರಿಗೆ ‘ಮಹಡಿ ಮನೆ ಪ್ರಿಂಟರ್’ ಎಂದೇ ಇಟ್ಟಿದ್ದೇನೆ. ಮಾವನವರು ಕೆಳಗಿನಿಂದಲೇ ಮೊದಲ ಪ್ರಿಂಟ್ ಕೊಟ್ಟು, ಕಾಗದ ಬಂತೇ ಎಂದು ಕೇಳಲು ನನಗೆ ವಾಟ್ಸ್‌ಆಪ್ ಮಾಡಿದರು.